ಲೇಸರ್ ಹೊಡೆಯುತ್ತಿಲ್ಲವೇ? ಟ್ಯೂಬ್ ಬಿಚ್ಚುವ ಮೊದಲು ಇಷ್ಟು ನೋಡಿ

ಜುಲೈ ಬಂತೆಂದರೆ ಲೇಸರ್ ಕೆತ್ತನೆ ಮಷೀನು ಇಟ್ಟವರಿಂದ ನನ್ನ ಫೋನಿಗೆ ಒಂದೇ ಥರದ ಕರೆಗಳು. ಟ್ಯೂಬ್ ಎಂದರೆ ಲೇಸರ್ ಕಿರಣ ಹುಟ್ಟುವ ಗಾಜಿನ ಕೊಳವೆ, ಹೆಡ್ ಎಂದರೆ ಆ ಕಿರಣವನ್ನು ಹಲಗೆ ಮೇಲೆ ಬೀಳಿಸುತ್ತ ಓಡಾಡುವ ತಲೆ. ಮೊನ್ನೆ ಶನಿವಾರಸಂತೆಯಿಂದ ಒಬ್ಬರು ಮಾಡಿದ್ದರು.

"ಅಕ್ಕಾ, ಟ್ಯೂಬ್ ಹೋಯ್ತು ಅನ್ಸುತ್ತೆ. ಹೆಡ್ ಓಡಾಡ್ತಿದೆ, ಹಲಗೆ ಮೇಲೆ ಒಂದು ಗೆರೆನೂ ಬೀಳ್ತಿಲ್ಲ. ಬೆಂಗಳೂರಿಗೆ ಹೊಸದಕ್ಕೆ ಹೇಳ್ಬಿಡ್ಲಾ?"

"ಬೇಡ ಅಣ್ಣಾ, ಈಗ್ಲೇ ಹೇಳ್ಬೇಡಿ. ಕೆಲಸ ಕೊಟ್ಟಾಗ ಮಿಲಿಆಂಪ್ ಮೀಟರಿನ ಮುಳ್ಳು ಏಳುತ್ತಾ?"

"ಮುಳ್ಳು ನೋಡಿಲ್ಲ ಅಕ್ಕಾ."

"ನೋಡಿ ಹೇಳಿ. ಮುಚ್ಚಳ ಹಾಕೇ ಇರ್ಲಿ."

ಮುಳ್ಳು ಏಳುತ್ತಿರಲಿಲ್ಲ, ಅಂದರೆ ಟ್ಯೂಬಿನಲ್ಲಿ ಕರೆಂಟೇ ಹರಿಯುತ್ತಿರಲಿಲ್ಲ. ಟ್ಯೂಬನ್ನು ತಂಪಾಗಿಡುವ ನೀರಿನ ಪೈಪಿನಲ್ಲಿ, ನೀರು ಹರಿಯುತ್ತಿದೆಯಾ ಎಂದು ನೋಡುವ ಫ್ಲೋ ಸ್ವಿಚ್ಚಿಗೆ ಪಾಚಿ ಕಟ್ಟಿತ್ತು. ನೀರು ಹರಿಯುತ್ತಿದ್ದರೂ ಅದು ಹರಿಯುತ್ತಿಲ್ಲ ಎಂದು ಹೇಳುತ್ತಿತ್ತು, ಮಷೀನು ನಂಬಿ ಸುಮ್ಮನೆ ಕೂತಿತ್ತು. ಬಿಚ್ಚಿ ತೊಳೆದು ಹಾಕಿದರು, ಅರ್ಧ ಗಂಟೆಯ ಕೆಲಸ.

ಇದನ್ನು ಬರೆಯಲು ಕಾರಣ ನನ್ನ ಮೊದಲ ಮಳೆಗಾಲ. ಕೊಡಗಿನ ಸೋಮವಾರಪೇಟೆಯಲ್ಲಿ ನನ್ನ ಅಂಗಡಿ. 60 ವ್ಯಾಟಿನ ಸಿಒ2 ಮಷೀನು, ಅಂದರೆ ಟ್ಯೂಬಿನೊಳಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಇರುವಂಥದ್ದು. ಎಸ್ಟೇಟ್ ಗೇಟುಗಳ ನಾಮಫಲಕ, ಶಾಲೆಯ ಪದಕ, ಮದುವೆಯ ನೆನಪಿನ ಕಾಣಿಕೆ, ಹೀಗೆ ಬರುವ ಕೆಲಸ. ಮಷೀನು ತಂದ ವರ್ಷವೇ ಆಗಸ್ಟಿನಲ್ಲಿ ಅದು ಹೊಡೆಯುವುದು ನಿಲ್ಲಿಸಿತು. ಕೇಳಿದವರೆಲ್ಲ "ಟ್ಯೂಬ್ ಹೋಗಿರಬೇಕು" ಎಂದರು. 18 ಸಾವಿರ ಕೊಟ್ಟು ತರಿಸಿದೆ. ಹಾಕಿದೆ. ಹೊಸದೂ ಹೊಡೆಯಲಿಲ್ಲ. ಎರಡು ದಿನ ಹುಡುಕಿದ ಮೇಲೆ ಸಿಕ್ಕಿದ್ದು ಒಂದು ಸಣ್ಣ ಸ್ಕ್ರೂ. ಟ್ಯೂಬಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿಯ ಡಬ್ಲ್ಯೂಪಿ ಎಂಬ ಕಿಂಡಿಯಲ್ಲಿ ವೈರ್ ಸಡಿಲವಾಗಿ, ಎಳೆಗಳು ಹಸಿರು ತಿರುಗಿ, ಸ್ಕ್ರೂವಿಗೆ ತಾಕದೆ ನಿಂತಿದ್ದವು. ವೈರಿನ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ತುದಿಗೆ ಸಣ್ಣ ಕೊಳವೆಯಂಥ ಲಗ್ ಒತ್ತಿ ಬಿಗಿಸಿದೆ. ಲೇಸರ್ ಬಂತು. ಬಿಚ್ಚಿಟ್ಟ ಹಳೆಯ ಟ್ಯೂಬನ್ನೇ ವಾಪಸ್ ಹಾಕಿ ಇನ್ನೂ 14 ತಿಂಗಳು ಕೆಲಸ ಮಾಡಿದೆ.

ಅಂದಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮಷೀನನ್ನು ಮನಸ್ಸಿನಲ್ಲಿ ಎರಡು ಭಾಗ ಮಾಡುವುದು. ದೋಷ ಯಾವ ಅರ್ಧದಲ್ಲಿದೆ ಎಂದು ಅಳೆದು ನೋಡುವುದು. ಆ ಅರ್ಧವನ್ನು ಮತ್ತೆ ಎರಡು ಮಾಡುವುದು. ಅಳತೆ ಹೇಳುವ ತನಕ ಯಾವ ಪಾರ್ಟನ್ನೂ ಕೊಳ್ಳುವುದಿಲ್ಲ.

ಮೊದಲು ಜೀವದ ಮಾತು

ಈ ಭಾಗವನ್ನು ದಯವಿಟ್ಟು ಬಿಟ್ಟು ಓದಬೇಡಿ. ಗಾಜಿನ ಟ್ಯೂಬಿಗೆ ಹೋಗುವ ದಪ್ಪ ಕೆಂಪು ವೈರಿನಲ್ಲಿ 15 ರಿಂದ 20 ಸಾವಿರ ವೋಲ್ಟಿನ ಆಸುಪಾಸು ಇರುತ್ತದೆ. ಟ್ಯೂಬ್ ಹೊತ್ತಿಕೊಳ್ಳುವ ಕ್ಷಣದಲ್ಲಿ ಅದಕ್ಕಿಂತ ಜಾಸ್ತಿ. ನಮ್ಮ ಮನೆಯ 230 ವೋಲ್ಟ್ ಮುಟ್ಟಿದರೆ ಹೊಡೆಯುತ್ತದೆ. ಇದಕ್ಕೆ ಮುಟ್ಟುವುದೂ ಬೇಡ, ಹತ್ತಿರ ಹೋದರೆ ಗಾಳಿಯಲ್ಲೇ ಹಾರಿ ಬರುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಉಳಿದಿರುತ್ತದೆ.

ಟ್ಯೂಬಿನ ಬದಿಯ ಮುಚ್ಚಳ ತೆಗೆಯಬೇಕಾದರೆ ನಾನು ಮಾಡುವುದು ಇಷ್ಟು. ಗೋಡೆಯಿಂದ ಪ್ಲಗ್ ಕಿತ್ತು, ಅದನ್ನು ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆ ಇಡುತ್ತೇನೆ. ಬೇರೆ ಯಾರಾದರೂ ತಿಳಿಯದೆ ಚುಚ್ಚಬಾರದಲ್ವಾ? 15 ನಿಮಿಷ ಕಾಯುತ್ತೇನೆ. ಆಮೇಲೆ ಒಣಗಿದ ಉದ್ದನೆಯ ಪಿವಿಸಿ ಪೈಪಿನ ತುದಿಗೆ ಕಟ್ಟಿದ ತಾಮ್ರದ ವೈರನ್ನು ತರುತ್ತೇನೆ. ವೈರಿನ ಇನ್ನೊಂದು ತುದಿಯನ್ನು ಮೊದಲು ಮಷೀನಿನ ಬಾಡಿಗೆ ಕ್ಲಿಪ್ ಮಾಡಿ, ಆಮೇಲೆ ಪೈಪನ್ನು ದೂರದಿಂದ ಹಿಡಿದು ಟ್ಯೂಬಿನ ಕೆಂಪು ವೈರಿನ ತುದಿಗೆ ತಾಗಿಸುತ್ತೇನೆ. ಅಷ್ಟಾದ ಮೇಲೇ ಕೈ ಒಳಗೆ ಹೋಗುವುದು. ಇದು ನಿಮಗೆ ಕೈಹಿಡಿಯದಿದ್ದರೆ ಟ್ಯೂಬಿನ ಬದಿ ಗೊತ್ತಿದ್ದವರಿಗೆ ಬಿಡಿ. ಕೆಳಗೆ ಹೇಳಿದ್ದರಲ್ಲಿ ಹೆಚ್ಚಿನ ಕೆಲಸ ಆ ಬದಿ ಮುಟ್ಟದೆಯೇ ಆಗುತ್ತದೆ.

ಆ ಕೆಂಪು ವೈರಿಗೆ ಮಲ್ಟಿಮೀಟರ್ ಕಡ್ಡಿ ಎಂದೂ ಇಡಬೇಡಿ. ನಮ್ಮ ಕೈಯಲ್ಲಿರುವ ಮೀಟರ್ 600 ಅಥವಾ 1000 ವೋಲ್ಟ್ ತನಕ ಮಾತ್ರ. ಪವರ್ ಸಪ್ಲೈ ಡಬ್ಬಿಯನ್ನೂ ಬಿಚ್ಚಬೇಡಿ. ಅದರೊಳಗಿನ ಕೆಪಾಸಿಟರುಗಳು 300 ವೋಲ್ಟಿಗೂ ಮೀರಿ ತುಂಬಿಕೊಂಡು ಕೂತಿರುತ್ತವೆ. ಇನ್ನು ಲೇಸರ್ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ, ಅದರ ಅಲೆಯುದ್ದ 10.6 ಮೈಕ್ರಾನ್. ಮುಚ್ಚಳದ ಸ್ವಿಚ್ಚಿಗೆ ಅಡ್ಡ ವೈರ್ ಹಾಕಿ, ತೆರೆದಿಟ್ಟು ನೋಡುವ ಅಭ್ಯಾಸ ಯಾರಿಗಾದರೂ ಇದ್ದರೆ ಇಂದೇ ಬಿಡಿ.

ಪೂರ್ತಿ ಸತ್ತಿದ್ದರೆ

ಇದು ಸುಲಭದ್ದು, ಬೇಗ ಹೇಳಿಬಿಡುತ್ತೇನೆ. ಫ್ಯಾನೂ ಇಲ್ಲ, ಪರದೆಯೂ ಇಲ್ಲ ಎಂದರೆ ಗೋಡೆಯ ಸಾಕೆಟ್ಟಿನಲ್ಲಿ ಬೇರೆ ಏನಾದರೂ ಹಾಕಿ ನೋಡಿ. ಕೆಂಪು ಎಮರ್ಜೆನ್ಸಿ ಬಟನ್ ಒತ್ತಿಕೊಂಡಿದೆಯಾ ನೋಡಿ, ತಿರುಗಿಸಿ ಬಿಡಿ. ಗುಡಿಸುವಾಗ ಪೊರಕೆ ತಾಗಿ ಒತ್ತಿಕೊಂಡಿದ್ದನ್ನು ನಾನೇ ಮೂರು ಸಲ ನೋಡಿದ್ದೇನೆ. ಆಮೇಲೆ ಪ್ಲಗ್ ಕಿತ್ತು, ಹಿಂದೆ ವೈರ್ ಸೇರುವ ಜಾಗದ ಫ್ಯೂಸ್ ತೆಗೆಯಿರಿ.

ಫ್ಯೂಸಿನ ಗಾಜನ್ನು ಬೆಳಕಿಗೆ ಹಿಡಿದು ನೋಡಿ. ಗಾಜು ತಿಳಿಯಾಗಿದ್ದು ಒಳಗಿನ ಎಳೆ ಮಾತ್ರ ತುಂಡಾಗಿದ್ದರೆ ಹಳೆಯದಾಗಿ ಹೋಗಿರಬಹುದು, ಅದೇ ಆಂಪಿನ ಹೊಸದು ಹಾಕಿ ಒಂದು ಸಲ ನೋಡಬಹುದು. ಗಾಜಿನ ಒಳಗೆ ಕಪ್ಪು ಅಥವಾ ಕನ್ನಡಿಯಂಥ ಬೆಳ್ಳಿ ಬಣ್ಣ ಹಿಡಿದಿದ್ದರೆ ಒಳಗೆಲ್ಲೋ ನೇರ ಶಾರ್ಟ್ ಆಗಿದೆ. ಹೊಸ ಫ್ಯೂಸ್ ಹಾಕಿ ಮತ್ತೆ ಹೊಡೆಸಬೇಡಿ. ಲೇಸರ್ ಸಪ್ಲೈ, 24 ವೋಲ್ಟ್ ಸಪ್ಲೈ, ಪಂಪು, ಒಂದೊಂದರ ವೈರನ್ನೇ ಬಿಡಿಸಿ, ಯಾವುದು ಶಾರ್ಟ್ ಎಂದು ಮಲ್ಟಿಮೀಟರಿನ ಬೀಪಿನಲ್ಲಿ (ಎರಡು ಕಡ್ಡಿಗಳ ನಡುವೆ ದಾರಿ ಕೂಡಿದ್ದರೆ ಸದ್ದು ಮಾಡುವ ಸೆಟ್ಟಿಂಗಿನಲ್ಲಿ) ಹುಡುಕಿ.

ಒಳಗಿನ 24 ವೋಲ್ಟ್ ಸಪ್ಲೈಯ ಹಸಿರು ದೀಪ ಮಿಣುಕು ಮಿಣುಕು ಎನ್ನುತ್ತಿದ್ದರೆ, ಕರೆಂಟ್ ತೆಗೆದು ಅದರ ಹೊರಹೋಗುವ ವೈರುಗಳನ್ನು ಬಿಡಿಸಿ ಮತ್ತೆ ಹಾಕಿ. ದೀಪ ಸ್ಥಿರವಾಗಿ ಉರಿದು ಮೀಟರಿನಲ್ಲಿ 24 ಬಂದರೆ ಸಪ್ಲೈ ಗಟ್ಟಿಯಾಗಿದೆ, ಮುಂದಿನ ಬೋರ್ಡೋ ಮೋಟಾರು ಓಡಿಸುವ ಡ್ರೈವರೋ ಅದನ್ನು ಎಳೆದು ಕೂರಿಸುತ್ತಿದೆ. ನನಗೆ ಒಂದು ಸಲ ಆ ಡಬ್ಬಿಯ ಗಾಳಿಕಿಂಡಿಯಲ್ಲಿ ಹಲ್ಲಿ ಸಿಕ್ಕಿತ್ತು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಎಂದು ಹಲ್ಲಿ, ಇರುವೆ ಎಲ್ಲ ಅಲ್ಲೇ ಸೇರುತ್ತವೆ. ಕಿಂಡಿಗೆ ಸೊಳ್ಳೆ ಪರದೆಯ ಸಣ್ಣ ತುಂಡು ಅಂಟಿಸಿ. ಗಾಳಿ ಆಡುತ್ತಿರಬೇಕು, ತಿಂಗಳಿಗೊಮ್ಮೆ ಅದರ ಧೂಳು ಒರೆಸಬೇಕು.

ಹೆಡ್ ಓಡುತ್ತದೆ, ಲೇಸರ್ ಇಲ್ಲ

ಜಾಸ್ತಿ ಜನ ಟ್ಯೂಬಿಗೆ ದುಡ್ಡು ಹಾಕಿ ಕೈಸುಟ್ಟುಕೊಳ್ಳುವುದು ಇಲ್ಲೇ. ನಿಧಾನವಾಗಿ ಹೋಗೋಣ.

ಲೇಸರ್ ಪವರ್ ಸಪ್ಲೈಯ ಒಂದು ಬದಿಯಲ್ಲಿ ಸಣ್ಣ ಕಿಂಡಿಗಳ ಸಾಲು ಇರುತ್ತದೆ. ಟಿಎಚ್, ಟಿಎಲ್, ಡಬ್ಲ್ಯೂಪಿ, ಜಿ, ಐಎನ್, 5ವಿ. ಕೆಲವು ಸಪ್ಲೈಗಳಲ್ಲಿ ಬರೀ ಎಚ್, ಎಲ್, ಪಿ, ಜಿ ಎಂದಿರುತ್ತದೆ, ಅರ್ಥ ಒಂದೇ. ಡಬ್ಲ್ಯೂಪಿ ಎಂದರೆ ನೀರಿನ ಕಾವಲು. ಅದು ಜಿ, ಅಂದರೆ ಗ್ರೌಂಡ್ ಜೊತೆ ಸೇರಿದ್ದರೆ ಮಾತ್ರ ಸಪ್ಲೈ ಕೆಲಸಕ್ಕೆ ಒಪ್ಪುತ್ತದೆ. ಟಿಎಲ್ ಎಂದರೆ ಹೊಡಿ ಎಂಬ ಅಪ್ಪಣೆ, ಜಿ ಕಡೆಗೆ ಎಳೆದರೆ ಹೊಡೆಯುತ್ತದೆ. ಐಎನ್ ಎಂದರೆ ಎಷ್ಟು ಜೋರಾಗಿ ಎನ್ನುವುದು. 0 ರಿಂದ 5 ವೋಲ್ಟ್ ತನಕ. ಈ ಮೂರು ಮಾತು ಸಪ್ಲೈಗೆ ಸರಿಯಾಗಿ ತಲುಪಬೇಕು, ಆಮೇಲೆ ಅದು ಕೆಂಪು ವೈರಿನಲ್ಲಿ ಸಾವಿರಗಟ್ಟಲೆ ವೋಲ್ಟ್ ಕಳಿಸಬೇಕು. ಅಪ್ಪಣೆ ಬರುವ ಬದಿ ಒಂದು ಅರ್ಧ, ಅಪ್ಪಣೆ ನಡೆಸುವ ಬದಿ ಇನ್ನೊಂದು ಅರ್ಧ.

ಎರಡನ್ನೂ ಬೇರೆ ಮಾಡಲು ಸಪ್ಲೈ ಮೇಲೇ ಒಂದು ಪುಟ್ಟ ಟೆಸ್ಟ್ ಬಟನ್ ಇದೆ. ನೀರು ಹರಿಯುತ್ತಿರಲಿ. ಟ್ಯೂಬಿನ ಮುಚ್ಚಳ, ಮೇಲಿನ ಮುಚ್ಚಳ ಎರಡೂ ಹಾಕಿರಲಿ. ಹೆಡ್ ಕೆಳಗೆ ಬೇಡದ ಹಲಗೆ ತುಂಡು ಇಡಿ. ಒಂದು ಕೈ ಬೆನ್ನ ಹಿಂದೆ ಇರಲಿ. ಇನ್ನೊಂದು ಕೈಯಲ್ಲಿ ಖಾಲಿ ಪ್ಲಾಸ್ಟಿಕ್ ಪೆನ್ನಿನ ಹಿಂಬದಿಯಿಂದ ಆ ಬಟನನ್ನು ಒಂದು ಕಣ್ಣೆವೆ ಹೊತ್ತು ಒತ್ತಿ ಬಿಡಿ. ಪಕ್ಕದಲ್ಲೇ 230 ವೋಲ್ಟಿನ ಸ್ಕ್ರೂಗಳಿರುತ್ತವೆ, ಅದಕ್ಕೇ ಬೆರಳು ಬೇಡ. ಕೆಲವು ಸಪ್ಲೈಗಳ ಟೆಸ್ಟ್ ಬಟನ್ ನೀರಿನ ಕಾವಲನ್ನು ಕೇಳುವುದೇ ಇಲ್ಲ, ನೀರಿಲ್ಲದೆಯೂ ಹೊಡೆದು ಟ್ಯೂಬ್ ಸೀಳಿಬಿಡುತ್ತದೆ. ನೀರು ಹರಿಯುವುದನ್ನು ಕಣ್ಣಾರೆ ನೋಡಿಯೇ ಒತ್ತಿ.

ಒತ್ತಿದಾಗ ಮೂರರಲ್ಲಿ ಒಂದು ಆಗುತ್ತದೆ.

ಹಲಗೆ ಸುಟ್ಟು ಚುಕ್ಕಿ ಬಿದ್ದರೆ, ಮುಳ್ಳೂ ಎದ್ದರೆ, ನಿಮ್ಮ ಟ್ಯೂಬೂ ಸಪ್ಲೈಯೂ ಚೆನ್ನಾಗಿವೆ. ಸಮಾಧಾನವಾಗಿ ಒಂದು ಕಾಫಿ ಕುಡಿಯಿರಿ. ದೋಷ ಅಪ್ಪಣೆಯ ಬದಿಯಲ್ಲಿದೆ.

ಮುಳ್ಳು ಎಂದಿನಂತೆ ಎದ್ದು ಹಲಗೆ ಮೇಲೆ ಏನೂ ಬೀಳದಿದ್ದರೆ ಕರೆಂಟ್ ಟ್ಯೂಬಿನ ಮೂಲಕ ಹೋಗುತ್ತಿದೆ. ಕನ್ನಡಿ ಒಡೆದಿದೆಯಾ, ಮಸಿ ಹಿಡಿದಿದೆಯಾ, ಜಾಗ ತಪ್ಪಿದೆಯಾ ನೋಡಿ. ಅವೆಲ್ಲ ಸರಿ ಇದ್ದರೆ ಟ್ಯೂಬಿನ ಗ್ಯಾಸ್ ಮುಗಿದಿರಬಹುದು. ಹೊಡೆಯುವಾಗ ಟ್ಯೂಬಿನ ಒಳಗೆ ನೇರಳೆ ಗುಲಾಬಿ ಬಣ್ಣ ಇರಬೇಕು. ಅದು ಬಿಳಿಚಿಕೊಂಡಿದ್ದರೆ ಆಯಸ್ಸು ಮುಗಿದ ಲಕ್ಷಣ.

ಮುಳ್ಳು ಏಳಲೇ ಇಲ್ಲ ಎಂದಾದರೆ ಕಿವಿ ಕೊಡಿ. ಪೂರ್ತಿ ಮೌನ ಇದ್ದರೆ ಸಪ್ಲೈ ಎದ್ದೇ ಇಲ್ಲ: ಅದರ 230 ವೋಲ್ಟ್ ಬರುತ್ತಿದೆಯಾ, ಡಬ್ಲ್ಯೂಪಿ ಜಿ ಜೊತೆ ಸೇರಿದೆಯಾ ನೋಡಿ, ಎರಡೂ ಸರಿ ಇದ್ದರೆ ಸಪ್ಲೈ ಹೋಗಿದೆ. ಚಟಚಟ ಅಥವಾ ಸುಯ್ ಎಂಬ ಸದ್ದು ಬಂದರೆ ತಕ್ಷಣ ನಿಲ್ಲಿಸಿ. ಕರೆಂಟು ಟ್ಯೂಬಿಗೆ ಹೋಗದೆ ಮಧ್ಯದಲ್ಲೇ ಮಷೀನಿನ ಬಾಡಿಗೆ ಹಾರುತ್ತಿದೆ. ಮಿಲಿಆಂಪ್ ಮೀಟರು ಟ್ಯೂಬಿನಿಂದ ವಾಪಸ್ ಬರುವ ವೈರಿನಲ್ಲಿ ಇರುವುದರಿಂದ ಈ ಕಳ್ಳದಾರಿ ಅದಕ್ಕೆ ಕಾಣುವುದಿಲ್ಲ. ಇದರ ಕಥೆ ಮುಂದೆ ಬೇರೆಯೇ ಇದೆ.

ಅಪ್ಪಣೆಯ ಬದಿ ಎಂದು ಗೊತ್ತಾದರೆ ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ. ಕಪ್ಪು ಕಡ್ಡಿ ಜಿ ಮೇಲೆ. ಕೆಂಪು ಕಡ್ಡಿ ಮೊದಲು ಡಬ್ಲ್ಯೂಪಿ ಮೇಲೆ ಇಡಿ, ನೀರು ಹರಿಯುವಾಗ ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಫ್ಲೋ ಸ್ವಿಚ್, ಮುಚ್ಚಳದ ಸ್ವಿಚ್, ಅವುಗಳ ವೈರು, ಈ ಮೂರರಲ್ಲೇ ಹುಡುಕಿ. ಕರೆಂಟ್ ತೆಗೆದು, ಫ್ಲೋ ಸ್ವಿಚ್ಚಿನ ಎರಡು ವೈರ್ ಬಿಡಿಸಿ, ಪಂಪನ್ನು ಮಾತ್ರ ಬೇರೆ ಸಾಕೆಟ್ಟಿನಿಂದ ಓಡಿಸಿ ಬೀಪ್ ನೋಡಿ. ನೀರು ಹರಿದರೆ ಬೀಪ್, ನಿಂತರೆ ಮೌನ. ಹಾಗೆ ಆಗದಿದ್ದರೆ ಸ್ವಿಚ್ ತೊಳೆಯಿರಿ ಅಥವಾ ಬದಲಿಸಿ. ಕೆಲವು ಮಷೀನುಗಳಲ್ಲಿ ಈ ಸ್ವಿಚ್ ಕಂಟ್ರೋಲರಿಗೆ, ಅಂದರೆ ಮಷೀನನ್ನು ನಡೆಸುವ ಬೋರ್ಡಿಗೆ ಹೋಗುತ್ತದೆ. ಆಗ ಪರದೆಯ ಮೇಲೆ ವಾಟರ್ ಪ್ರೊಟೆಕ್ಟ್ ಎಂಬ ಎಚ್ಚರಿಕೆ ಬರುತ್ತದೆ. ನೇರವಾಗಿ ಸಪ್ಲೈಗೆ ಹೋಗಿದ್ದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಸುಮ್ನೆ ಹೊಡೆಯುವುದಿಲ್ಲ. ನನಗೆ 18 ಸಾವಿರ ಖರ್ಚಾಗಿದ್ದು ಇಂಥದ್ದರಲ್ಲೇ.

ಆಮೇಲೆ ಐಎನ್. ಕಂಟ್ರೋಲರಿನಲ್ಲಿ ಶೇಕಡಾ 50 ಇಟ್ಟು ಹೊಡೆಸಿದರೆ ಸುಮಾರು 2.5 ವೋಲ್ಟ್ ಕಾಣಬೇಕು. ಕೈಯಿಂದ ತಿರುಗಿಸುವ ನಾಬ್ ಇರುವ ಮಷೀನಾದರೆ ತಿರುಗಿಸಿದ ಹಾಗೆ 0 ರಿಂದ 5ಕ್ಕೆ ನಯವಾಗಿ ಏರಬೇಕು. ನಡುವೆ ಹಾರಿದರೆ ನಾಬ್ ಸವೆದಿದೆ. ಕೊನೆಗೆ ಟಿಎಲ್. ಸುಮ್ಮನಿದ್ದಾಗ ಕೆಲವು ವೋಲ್ಟ್, ಹೊಡೆಯುವಾಗ ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಇಳಿಯದಿದ್ದರೆ ಕಂಟ್ರೋಲರಿನಿಂದ ಬರುವ ವೈರನ್ನು ಈ ತುದಿಯಿಂದ ಆ ತುದಿಗೆ ಬೀಪ್ ಹಾಕಿ ನೋಡಿ. ನಮ್ಮ ಕಡೆ ಇಲಿ ಕಾಟ ಬಹಳ. ವೈರಿನ ಸುರುಳಿ ನೆಲಕ್ಕೆ ತಾಗುವಲ್ಲಿ ಮೊದಲು ನೋಡಿ.

ಮಳೆಗಾಲದ ಚಟಚಟ

ನಮ್ಮದು ವರ್ಷಕ್ಕೆ ಎರಡು ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಾಡು. ಮಡಿಕೇರಿಯಲ್ಲಿ, ಶಾಂತಳ್ಳಿ ಕಡೆಯಲ್ಲಿ ಇನ್ನೂ ಜೋರು. ಬೀರುವಿನಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಆ ಗಾಳಿಯಲ್ಲಿ 20 ಸಾವಿರ ವೋಲ್ಟನ್ನು ಹಿಡಿದಿಡುವುದು ಸುಲಭವಲ್ಲ.

ಎರಡನೇ ವರ್ಷ ಜುಲೈನಲ್ಲಿ ನನ್ನ ಮಷೀನು ಬೆಳಗ್ಗೆ ಹೊಡೆಯುತ್ತಿರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ತಾನೇ ಸರಿಯಾಗುತ್ತಿತ್ತು. ಒಂದು ಸಂಜೆ ಅಂಗಡಿಯ ದೀಪ ಆರಿಸಿ, ಟ್ಯೂಬ್ ಕಾಣುವ ಅಕ್ರಿಲಿಕ್ ಕಿಟಕಿಯಿಂದ ನೋಡುತ್ತ ನಿಂತೆ. ಅಂಗಡಿಯ ಹುಡುಗ ಆಚೆಯಿಂದ ಲೇಸರ್ ಹೊಡೆಸುವ ಪಲ್ಸ್ ಬಟನ್ ಒತ್ತಿದ. ಕೆಂಪು ವೈರ್ ಟ್ಯೂಬಿಗೆ ಸೇರುವಲ್ಲಿ, ಹುಲ್ಲಿನ ಎಳೆಯಷ್ಟು ತೆಳ್ಳಗಿನ ನೀಲಿ ಕಿಡಿ ಎದ್ದು ಪಕ್ಕದ ಕಬ್ಬಿಣದ ಬ್ರಾಕೆಟ್ಟಿಗೆ ಹಾರಿತು. ಸಿಡಿಲು ಹೊಡೆದ ಮೇಲೆ ಬರುವಂಥ ಘಾಟು ವಾಸನೆ. ಮೀಟರಿನ ಮುಳ್ಳು ಸೊನ್ನೆಯಲ್ಲೇ ಇತ್ತು. ಮರುದಿನ ಪ್ಲಗ್ ಕಿತ್ತು ಬಿಚ್ಚಿ ನೋಡಿದರೆ ಜೋಡಣೆಗೆ ಯಾರೋ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ್ದರು. ಟೇಪಿನಲ್ಲಿ ಸೂಜಿಯಿಂದ ಚುಚ್ಚಿದಂಥ ತೂತು, ಅದರ ಸುತ್ತ ಮಸಿಯ ಗೆರೆ. ಆ ಟೇಪು ಮನೆಯ ವೈರಿಂಗಿಗೆ ಸರಿ. ಇಲ್ಲಿಗೆ ಅದು ಇದ್ದೂ ಇಲ್ಲದ ಹಾಗೆ.

ಸರಿ ಮಾಡುವ ರೀತಿ ಹೀಗೆ. ಮಸಿ ಹಿಡಿದ ಜಾಗವನ್ನು ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೊಹಾಲ್) ಒರೆಸಿ, ಪೂರ್ತಿ ಆರಲು ಬಿಡಿ. ಮಸಿ ಕರೆಂಟಿಗೆ ದಾರಿ, ಒಂದು ಗೆರೆ ಉಳಿದರೂ ಅಲ್ಲಿಂದಲೇ ಮತ್ತೆ ಹಾರುತ್ತದೆ. ಒರೆಸಿ ಹೋಗದಿದ್ದರೆ ಆ ಪ್ಲಾಸ್ಟಿಕ್ ಭಾಗವನ್ನೇ ಬದಲಿಸಿ. ವೈರನ್ನು ಟ್ಯೂಬಿನ ಪಿನ್ನಿಗೆ ಬಿಗಿಯಾಗಿ ಸುತ್ತಿ, ಪಿನ್ನಿಗೆ ಬೆಸುಗೆ ಕಾವು ಜಾಸ್ತಿ ಕೊಡಬೇಡಿ, ಗಾಜು ಸೀಳುತ್ತದೆ. ಅದರ ಮೇಲೆ ಸಿಲಿಕೋನ್ ಕೊಳವೆ ಏರಿಸಿ, ಕೊಳವೆಯೊಳಗೆ ಗಾಳಿಗುಳ್ಳೆ ಉಳಿಯದಂತೆ ಸಿಲಿಕೋನ್ ಪೇಸ್ಟ್ ತುಂಬಿ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದು ಲೋಹವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಕೇಳಿ ತೆಗೆದುಕೊಳ್ಳಿ. ಒಂದು ದಿನವಿಡೀ ಗಟ್ಟಿಯಾಗಲು ಬಿಡಿ. ಆ ಕೆಂಪು ವೈರ್ ಎಲ್ಲೂ ಬಾಡಿಗೆ ಒರಗಿರಬಾರದು, ಬೇರೆ ವೈರುಗಳ ಜೊತೆ ಕಟ್ಟಿರಬಾರದು.

ಟ್ಯೂಬಿನ ನೀರನ್ನು ತಣಿಸುವ ಚಿಲ್ಲರ್ ಇದ್ದವರಿಗೆ ಇನ್ನೊಂದು ಮಾತು. ಜುಲೈನಲ್ಲಿ ಕೋಣೆ 20 ಡಿಗ್ರಿ, ತೇವ ಶೇಕಡಾ 95 ಎಂದುಕೊಳ್ಳಿ. ಆ ಗಾಳಿಯಲ್ಲಿ 19 ಡಿಗ್ರಿಗೆ ಇಳಿದ ಯಾವ ವಸ್ತುವೂ ಬೆವರುತ್ತದೆ. ಚಿಲ್ಲರಿನ ಆಟೋ ಸೆಟ್ಟಿಂಗ್ ಹಲವು ಸಲ ನೀರನ್ನು ಕೋಣೆಗಿಂತ 2 ಡಿಗ್ರಿ ಕಡಿಮೆಗೆ ಇಳಿಸುತ್ತದೆ. ಬೇರೆ ಊರಿಗೆ ಅದು ಒಳ್ಳೆಯದು. ನಮ್ಮಲ್ಲಿ ಮಳೆಗಾಲಕ್ಕೆ ಟ್ಯೂಬಿನ ಮೇಲೆಲ್ಲ ಹನಿ ಕಟ್ಟಿ, ಆ ಹನಿಗಳ ಮೇಲೇ ಕರೆಂಟ್ ಹರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಕೈಯಿಂದಲೇ ಸೆಟ್ ಮಾಡುತ್ತೇನೆ, ಕೋಣೆಯಷ್ಟೇ ಅಥವಾ ಒಂದು ಡಿಗ್ರಿ ಮೇಲೆ. 25 ದಾಟಲು ಬಿಡುವುದಿಲ್ಲ.

ನೀರು ಡಿಸ್ಟಿಲ್ಡ್ ಆಗಿರಲಿ. ಬ್ಯಾಟರಿ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುತ್ತದೆ. ಬಾವಿ ನೀರಿನ ಉಪ್ಪಿನಂಶ ಕರೆಂಟನ್ನು ಒಯ್ಯುತ್ತದೆ, ಬಕೆಟ್ಟಿಗೆ ಕೈ ಇಟ್ಟರೆ ಜುಮ್ ಎನ್ನುತ್ತದೆ. ಮಳೆ ನೀರು ಶುದ್ಧ ಅಲ್ವಾ ಎಂದು ಕೇಳುವವರಿದ್ದಾರೆ. ಹೆಂಚಿನ ಮೇಲಿನ ಪಾಚಿ, ಧೂಳು, ಎಲೆಕಸ ಎಲ್ಲ ತೊಳೆದುಕೊಂಡು ಬಂದ ನೀರು ಅದು. ಬೇಡ.

ರಾತ್ರಿ ಹೊತ್ತು ಬೀರುವಿನಲ್ಲಿ ಬಲ್ಬ್ ಉರಿಸಿ ಬಟ್ಟೆ ಕಾಯುತ್ತೇವಲ್ಲ, ಅದೇ ಉಪಾಯ ಇಲ್ಲಿಗೂ ಆಗುತ್ತದೆ. ಮಷೀನಿನ ಪ್ಲಗ್ ಕಿತ್ತು, ಸಪ್ಲೈ ಇರುವ ಖಾನೆಯಲ್ಲಿ ಜಾಲರಿ ಹಾಕಿದ 40 ವ್ಯಾಟಿನ ಹಳೇ ಗಾಜಿನ ಬಲ್ಬ್ ಉರಿಸಿ. ಯಾವ ವೈರಿಗೂ ಪ್ಲಾಸ್ಟಿಕ್ಕಿಗೂ ತಾಗದಂತೆ ನೇತು ಹಾಕಿ. ಎಲ್‌ಇಡಿ ಬಲ್ಬಿನ ಕಾವು ಸಾಲದು. ಬೆಳಗ್ಗೆ ಬಲ್ಬ್ ಹೊರಗೆ ತೆಗೆದ ಮೇಲೇ ಮಷೀನಿನ ಪ್ಲಗ್ ಹಾಕಬೇಕು.

ಬೇಸಿಗೆಯ ಜುಮ್ ಜುಮ್: ಅರ್ಥಿಂಗ್

ಮಳೆಗಾಲದಲ್ಲಿ ಒಂದು ಕಾಟ, ಫೆಬ್ರವರಿ ಮಾರ್ಚಿನಲ್ಲಿ ಇನ್ನೊಂದು. ಮಷೀನಿನ ಬಾಡಿಗೆ ಮೊಣಕೈ ತಾಗಿದರೆ ಜುಮ್ ಎನ್ನುತ್ತದೆ. ಲೇಸರ್ ಹೊಡೆದ ಕೂಡಲೇ ಕಂಪ್ಯೂಟರಿನ ಯುಎಸ್‌ಬಿ ತಪ್ಪಿಹೋಗುತ್ತದೆ. ಅರ್ಧ ಕೆತ್ತಿದ ನಾಮಫಲಕ ಹಾಳು. ಜನ ಯುಎಸ್‌ಬಿ ಕೇಬಲ್ ಬದಲಿಸುತ್ತಾರೆ, ಕಂಪ್ಯೂಟರನ್ನೇ ಬದಲಿಸುತ್ತಾರೆ. ಮೊದಲು ನೋಡಬೇಕಾದ್ದು ಅರ್ಥ್ ವೈರನ್ನು.

ಮೀಟರನ್ನು ಎಸಿಗೆ ತಿರುಗಿಸಿ, ಒಂದು ಕಡ್ಡಿ ಮಷೀನಿನ ಬಣ್ಣ ಕೆರೆದ ಬಾಡಿಗೆ, ಇನ್ನೊಂದು ಕಡ್ಡಿ ಸಾಕೆಟ್ಟಿನ ನ್ಯೂಟ್ರಲಿಗೆ. ಒಂದೆರಡು ವೋಲ್ಟ್ ಬಂದರೆ ಚೆನ್ನ. 110, 115ರ ಹತ್ತಿರ ಬಂದರೆ ಬಾಡಿ ಅರ್ಥ್ ಇಲ್ಲದೆ ತೇಲುತ್ತಿದೆ. ಸರಿಯಾಗಿ ಅರ್ಧ ಏಕೆ ಎಂದರೆ, ಕರೆಂಟ್ ಒಳಬರುವ ಫಿಲ್ಟರಿನಲ್ಲಿ ಎರಡು ಪುಟ್ಟ ಕೆಪಾಸಿಟರುಗಳಿವೆ. ಒಂದು ಫೇಸಿನಿಂದ ಬಾಡಿಗೆ, ಇನ್ನೊಂದು ನ್ಯೂಟ್ರಲಿನಿಂದ ಬಾಡಿಗೆ. ಅರ್ಥ್ ಇಲ್ಲದಾಗ ಬಾಡಿ ಎರಡರ ನಡುವೆ ನಿಲ್ಲುತ್ತದೆ. ಆ ಜುಮ್ ಮಾತ್ರವಾದರೆ ಸಣ್ಣದು. ಟ್ಯೂಬಿನ ಸಾವಿರಗಟ್ಟಲೆ ವೋಲ್ಟೂ ವಾಪಸ್ ಹೋಗಲು ನಂಬಿರುವುದು ಇದೇ ಅರ್ಥನ್ನು. ಇದು ಸರಿಯಾಗುವ ತನಕ ಮಷೀನು ಹಾಕಬೇಡಿ.

ಫೇಸಿಗೂ ಅರ್ಥಿಗೂ 230 ತೋರಿಸಿತು, ಹಾಗಾದರೆ ಅರ್ಥ್ ಸರಿ ಎಂದು ಬಿಡಬೇಡಿ. ಮೀಟರು ಕರೆಂಟನ್ನೇ ಎಳೆಯುವುದಿಲ್ಲ, ತುಕ್ಕು ಹಿಡಿದ ಒಂದು ಎಳೆ ಸಾಕು ಅದಕ್ಕೆ. ನಿಮ್ಮ ಎಲೆಕ್ಟ್ರಿಷಿಯನ್ನನ್ನು ಕರೆದು ಫೇಸಿಗೂ ಅರ್ಥಿಗೂ ನಡುವೆ 100 ವ್ಯಾಟಿನ ಬಲ್ಬ್ ಹಾಕಿಸಿ ನೋಡಿ. ಪೂರ್ತಿ ಬೆಳಕು ಬರಬೇಕು. ಮಂಕಾದರೆ ಅರ್ಥಿನ ಗುಂಡಿ ಒಣಗಿರಬಹುದು. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಮನೆಯಲ್ಲಿ ಬಲ್ಬ್ ಹಾಕಿದ ಕೂಡಲೇ ಆ ಸ್ವಿಚ್ ಬೀಳುತ್ತದೆ, ಬೀಳಲೇಬೇಕು. ಅಲ್ಲಿ ಅರ್ಥ್ ಟೆಸ್ಟರ್ ತರಿಸಿ ಅಳೆಸಿ.

ನನ್ನ ಅಂಗಡಿ ಇಳಿಜಾರಿನಲ್ಲಿದೆ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ. ಇದ್ದಿಲು ಉಪ್ಪು ಹಾಕಿ ಪೈಪ್ ಇಳಿಸಿದ ಗುಂಡಿಯೇ ಇದ್ದರೂ ಜನವರಿಯಿಂದ ವಾರಕ್ಕೆ ಎರಡು ಬಕೆಟ್ ನೀರು ಹುಯ್ಯುತ್ತೇನೆ. ಪೈಪಿನ ತಲೆಯ ನಟ್ಟನ್ನು ವರ್ಷಕ್ಕೊಮ್ಮೆ ಬಿಚ್ಚಿ, ಉಜ್ಜಿ, ಗ್ರೀಸ್ ಸವರಿ ಬಿಗಿಸುತ್ತೇನೆ.

ಮೋಟಾರಿನ ತಕರಾರು

ಆನ್ ಮಾಡಿದ ಕೂಡಲೇ ಹೆಡ್ ಮೂಲೆಗೆ ಹೋಗಿ ಡಬ ಡಬ ಎಂದು ಗುದ್ದಿದರೆ, ಹೆಡ್ ಅಂಚು ಮುಟ್ಟಿತೆಂದು ಹೇಳುವ ಲಿಮಿಟ್ ಸ್ವಿಚ್ ಅಥವಾ ಅದರ ವೈರ್ ನೋಡಿ. ಮೋಟಾರು ಹೋಗದೆ ನಡುಗಿದರೆ ಅದರ ನಾಲ್ಕು ವೈರಿನಲ್ಲಿ ಒಂದು ತುಂಡಾಗಿರಬಹುದು. ಕೇಬಲ್ ಚೈನ್ ಮಡಿಸುವ ಜಾಗದಲ್ಲೇ ಹೆಚ್ಚಾಗಿ ತುಂಡಾಗುವುದು. ಪ್ಲಗ್ ಕಿತ್ತು, ಎರಡು ಜೋಡಿಗಳ ಓಮ್ ಅಳೆಯಿರಿ. ಎರಡೂ ಕೆಲವೇ ಓಮ್, ಎರಡೂ ಒಂದೇ ಇರಬೇಕು. ಅಳೆಯುತ್ತಲೇ ಚೈನನ್ನು ಆಡಿಸಿ, ಅಂಕಿ ಹಾರಿದರೆ ಸಿಕ್ಕಿತು. ವೈರ್ ಸರಿ ಇದ್ದರೆ ಎಕ್ಸ್ ಮತ್ತು ವೈ ಮೋಟಾರುಗಳ ಕನೆಕ್ಟರುಗಳನ್ನು ಡ್ರೈವರಿನಲ್ಲಿ ಅದಲುಬದಲು ಮಾಡಿ. ತಕರಾರು ಮೋಟಾರಿನ ಜೊತೆ ಹೋಯಿತೋ ಡ್ರೈವರಿನಲ್ಲೇ ಉಳಿಯಿತೋ ನೋಡಿ. ಕರೆಂಟ್ ಇರುವಾಗ ಮಾತ್ರ ಮೋಟಾರಿನ ಕನೆಕ್ಟರ್ ಕೀಳಬೇಡಿ, ಡ್ರೈವರ್ ಅಲ್ಲೇ ಸುಡುತ್ತದೆ.

ಸಿಡಿಲು, ಸಂಜೆಯ ಮಂಕು ಕರೆಂಟು

ಏಪ್ರಿಲ್ ಮೇ ನನಗೆ ಕೆಲಸದ ಸುಗ್ಗಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಆಗಲೇ ನಡೆಯುತ್ತದೆ. ಟ್ರೋಫಿ, ಫಲಕ ಎಂದು ರಾತ್ರಿ ತನಕ ಮಷೀನು ಓಡುತ್ತದೆ. ಗುಡುಗು ಸಿಡಿಲಿನ ಮಳೆಯೂ ಅದೇ ತಿಂಗಳು. ಗುಡುಗು ಕೇಳಿದರೆ ನಾನು ಕೆಲಸ ನಿಲ್ಲಿಸುತ್ತೇನೆ. ಮಷೀನು, ಚಿಲ್ಲರ್, ಹೊಗೆ ಎಳೆಯುವ ಫ್ಯಾನು, ಮೂರರ ಪ್ಲಗ್ಗೂ ಗೋಡೆಯಿಂದ ಹೊರಗೆ. ಯುಎಸ್‌ಬಿ ಕೇಬಲ್ ಕೂಡ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ಅಷ್ಟು ಸಣ್ಣ ಸಂದನ್ನು ಸಿಡಿಲು ಹಾರುತ್ತದೆ.

ಸಂಜೆ ಏಳರ ಹೊತ್ತಿಗೆ ಗೋಡೆಯ ವೋಲ್ಟ್ ಒಮ್ಮೆ ಅಳೆಯಿರಿ. ಎಲ್ಲ ಮನೆಗಳ ದೀಪ, ಪಂಪು ಒಟ್ಟಿಗೆ ಓಡುವಾಗ ನನ್ನಲ್ಲಿ 170ಕ್ಕೆ ಇಳಿದದ್ದಿದೆ. ಕೆತ್ತನೆ ಒಂದೇ ಫಲಕದಲ್ಲಿ ಒಂದು ಕಡೆ ಗಾಢ, ಇನ್ನೊಂದು ಕಡೆ ತೆಳು ಬಂದರೆ ಇದನ್ನೂ ನೋಡಿ. ಒಳ್ಳೆಯ ಸ್ಟೆಬಿಲೈಸರ್ ಹಾಕಿ. ದೀಪಗಳು ಒಮ್ಮೆಲೇ ಪ್ರಖರವಾದರೆ ಅದು ಇನ್ನೂ ಅಪಾಯ, ಎಲ್ಲೋ ನ್ಯೂಟ್ರಲ್ ಸಡಿಲವಾಗಿದೆ. ಓಡಿ ಹೋಗಿ ಮೇನ್ ಇಳಿಸಿ. ಚೌಕ ಅಲೆಯ ಹಳೆ ಇನ್ವರ್ಟರಿನಲ್ಲಿ ಲೇಸರ್ ಓಡಿಸಬೇಡಿ, ಪಂಪು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ.

ಸಪ್ಲೈ ಬದಲಿಸಲೇಬೇಕಾದರೆ

ಎಲ್ಲ ಅಳೆದು, ಸಪ್ಲೈಯೇ ಹೋಗಿದೆ ಎಂದು ಗೊತ್ತಾದರೆ ಬಿಚ್ಚುವ ಮೊದಲು ಪ್ರತಿ ವೈರಿನ ಫೋಟೋ ತೆಗೆಯಿರಿ. ಅಂಗಡಿಯವರಿಗೆ ಟ್ಯೂಬಿನ ವ್ಯಾಟ್ ಹೇಳಿ, ಕಿಂಡಿಗಳ ಸಾಲಿನ ಫೋಟೋ ಕಳಿಸಿ. ಹೊಸದರಲ್ಲಿ 110/220 ಸ್ವಿಚ್ ಇದ್ದರೆ 220ರಲ್ಲಿದೆಯಾ ಎಂದು ಎರಡು ಸಲ ನೋಡಿ. ಹಸಿರು ಅರ್ಥ್ ವೈರನ್ನು ಎಲ್ಲಕ್ಕಿಂತ ಮೊದಲು ಬಿಗಿಸಿ. ಕೆಂಪು ವೈರಿನ ಜೋಡಣೆಯನ್ನು ಮೇಲೆ ಹೇಳಿದ ಹಾಗೆ ಸಿಲಿಕೋನಿನಲ್ಲಿ ಮುಚ್ಚಿ, ಒಂದು ದಿನ ಕಾಯಿರಿ.

ಮೊದಲ ಸಲ ಆನ್ ಮಾಡಿ ಶೇಕಡಾ 15ರಿಂದ ಶುರುಮಾಡಿ. ಐದೈದು ಏರಿಸುತ್ತಾ ಮುಳ್ಳನ್ನು ನೋಡುತ್ತಿರಿ. ಟ್ಯೂಬಿನ ಮೇಲಿನ ಚೀಟಿಯಲ್ಲಿ ಅದು ತಡೆಯುವ ಮಿಲಿಆಂಪ್ ಬರೆದಿರುತ್ತದೆ. 40 ವ್ಯಾಟಿನ ಟ್ಯೂಬಾದರೆ ಸಾಮಾನ್ಯವಾಗಿ 18ರ ಒಳಗೆ. ಮುಳ್ಳು ಅಲ್ಲಿಗೆ ಮುಟ್ಟಿದ ಶೇಕಡಾ ಎಷ್ಟು ಎಂದು ಒಂದು ಕಾಗದದಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ. ಕಂಟ್ರೋಲರಿನಲ್ಲಿ ಅದಕ್ಕಿಂತ ಮೇಲೆ ಹೋಗದಂತೆ ಮಿತಿ ಹಾಕಿ, ಹಿಂಬದಿಯ ಮುಚ್ಚಳದ ಸ್ಕ್ರೂ ಬಿಗಿಸಿ.